ಟಿವಿ ತೋರಿಸಿದವರಿಗೆ ದುಡ್ಡು ಕೊಟ್ಟವರು ಯಾರು?

ದೊಡ್ಡದೊಂದು ಎಲೆಕ್ಟ್ರಾನಿಕ್ಸ್ ಮಳಿಗೆ. ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ವಿಡಿಯೊ. ಗಿರಾಕಿಯೊಬ್ಬರು ಅರ್ಧ ಗಂಟೆಯಿಂದ ಅಲ್ಲೇ ನಿಂತಿದ್ದಾರೆ. ಮಳಿಗೆಯ ಹುಡುಗ ಒಂದೊಂದನ್ನೂ ತೋರಿಸುತ್ತಿದ್ದಾನೆ. ಈ ಪರದೆಯಲ್ಲಿ ಕಪ್ಪು ಅಂದರೆ ಕಪ್ಪು, ಆ ಪರದೆಯಲ್ಲಿ ಸ್ವಲ್ಪ ಬೂದಿಯಾಗಿ ಕಾಣುತ್ತದೆ. ಇದನ್ನು ಪಕ್ಕಕ್ಕೆ ಕೂತು ನೋಡಿದರೆ ಬಣ್ಣ ಮಂಕಾಗುತ್ತದೆ, ಅದು ಆಗುವುದಿಲ್ಲ. ಅಂಗಡಿಯಲ್ಲಿ ಬೆಳಕು ಜಾಸ್ತಿ, ಅದಕ್ಕೇ ಬಣ್ಣ ಢಾಳಾಗಿ ಕಾಣುವ ಹಾಗೆ ಸೆಟ್ ಮಾಡಿರುತ್ತೇವೆ, ಮನೆಗೆ ಹೋದ ಮೇಲೆ ಅದನ್ನು ಬದಲಿಸಿಕೊಳ್ಳಿ ಅಂತಲೂ ಹೇಳುತ್ತಾನೆ. ಗಿರಾಕಿ ತಲೆಯಾಡಿಸುತ್ತಾರೆ. ಫೋನ್ ತೆಗೆದು ಮಾಡೆಲ್ ನಂಬರಿನ ಫೋಟೊ ಹೊಡೆದುಕೊಳ್ಳುತ್ತಾರೆ. 'ಯೋಚನೆ ಮಾಡಿ ಹೇಳ್ತೀನಿ' ಎಂದು ಹೊರಡುತ್ತಾರೆ. ಬಾಗಿಲು ದಾಟುವಷ್ಟರಲ್ಲಿ ಅದೇ ಟಿವಿಗೆ ಆನ್‌ಲೈನಿನಲ್ಲಿ ಆರ್ಡರ್ ಹೋಗಿರುತ್ತದೆ.

ನಾನೂ ಹೀಗೆ ಮಾಡಿದ್ದೇನೆ. ನೀವೂ ಮಾಡಿರಬಹುದು. ಕಷ್ಟಪಟ್ಟು ದುಡಿದ ದುಡ್ಡು, ಎಲ್ಲಿ ಕಡಿಮೆಯೋ ಅಲ್ಲಿ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಅರ್ಧ ಗಂಟೆಯ ಕೆಲಸಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೇಳಿಕೊಂಡರೆ, ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಲೋಕದ ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಯಾಕೆ ಒಂದರ ಹಿಂದೆ ಒಂದು ಬಾಗಿಲು ಮುಚ್ಚಿದವು ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಮುಚ್ಚಿದವುಗಳ ಪಟ್ಟಿ ಸಣ್ಣದಲ್ಲ. ಅಮೆರಿಕದ ಸರ್ಕ್ಯೂಟ್ ಸಿಟಿ 2009ರಲ್ಲಿ ಹೋಯಿತು. ಬ್ರಿಟನ್ನಿನ ಕಾಮೆಟ್ 2012ರಲ್ಲಿ, ಮ್ಯಾಪ್ಲಿನ್ 2018ರಲ್ಲಿ. ಆಸ್ಟ್ರೇಲಿಯಾದ ಡಿಕ್ ಸ್ಮಿತ್ 2016ರಲ್ಲಿ. ಅಮೆರಿಕದ ರೇಡಿಯೊ ಶ್ಯಾಕ್ 2015ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿತು. ಸಿಲಿಕಾನ್ ವ್ಯಾಲಿಯ ಎಂಜಿನಿಯರುಗಳು ಪ್ರೀತಿಯಿಂದ ಓಡಾಡುತ್ತಿದ್ದ ಫ್ರೈಸ್ 2021ರ ಫೆಬ್ರುವರಿಯಲ್ಲಿ ಉಳಿದಿದ್ದ 31 ಮಳಿಗೆಗಳನ್ನೂ ಒಂದೇ ಸಲಕ್ಕೆ ಮುಚ್ಚಿತು.

'ಆನ್‌ಲೈನಿನಲ್ಲಿ ಅಗ್ಗ, ಅದಕ್ಕೇ ಅಂಗಡಿಗಳು ಹೋದವು' ಅಂತ ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಅಂಗಡಿಯ ಗಲ್ಲಾ ಪೆಟ್ಟಿಗೆಯೊಳಗಿದೆ.

ದೊಡ್ಡ ಮಳಿಗೆಗೆ ಟಿವಿಯಿಂದ, ಲ್ಯಾಪ್‌ಟಾಪಿನಿಂದ ಸಿಗುತ್ತಿದ್ದ ಲಾಭ ತೀರಾ ಕಡಿಮೆ. ಟಿವಿ ಅನ್ನುವುದು ಗಿರಾಕಿಯನ್ನು ಒಳಗೆ ಕರೆಯುವ ವಸ್ತು. ನಿಜವಾದ ಸಂಪಾದನೆ ಆಮೇಲೆ, ಬಿಲ್ ಮಾಡುವ ಹೊತ್ತಿಗೆ ಆಗುತ್ತಿತ್ತು. ಟಿವಿಗೆ ಹಾಕುವ ಕೇಬಲ್, ಕ್ಯಾಮೆರಾ ಇಡುವ ಚೀಲ, ಮೆಮೊರಿ ಕಾರ್ಡು, ಪ್ರಿಂಟರಿನ ಇಂಕು. ಎಲ್ಲಕ್ಕಿಂತ ಹೆಚ್ಚಾಗಿ 'ಇನ್ನೂ ಮೂರು ವರ್ಷ ಹೆಚ್ಚಿನ ವಾರಂಟಿ ಹಾಕಿಸಿಕೊಳ್ಳಿ' ಅನ್ನುವ ಆ ಕೊನೆಯ ಮಾತು. ವಾರಂಟಿ ಕೊಂಡವರಲ್ಲಿ ಬಹಳ ಜನ ಅದನ್ನು ಬಳಸುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ಅದರಲ್ಲಿ ಅಂಗಡಿಗೆ ಉಳಿಯುವುದು ಜಾಸ್ತಿ. ಮಾರುವ ಹುಡುಗರ ಮೇಲೆ ವಾರಂಟಿಗಾಗಿ ಅಷ್ಟೊಂದು ಒತ್ತಡ ಇರುತ್ತಿದ್ದದ್ದೂ ಇದಕ್ಕೇ.

ಇನ್ನೊಂದು ಕಡೆ ಸಿಡಿ, ಡಿವಿಡಿ ಇದ್ದವು. ಅವುಗಳಲ್ಲಿ ಲಾಭ ಹೆಚ್ಚಿರಲಿಲ್ಲ, ಆದರೆ ಜನರನ್ನು ಮತ್ತೆ ಮತ್ತೆ ಎಳೆದು ತರುತ್ತಿದ್ದವು. ಟಿವಿಯನ್ನು ಏಳೆಂಟು ವರ್ಷಕ್ಕೊಮ್ಮೆ ಕೊಳ್ಳುತ್ತೇವೆ. ಹೊಸ ಸಿನಿಮಾದ ಡಿಸ್ಕಿಗೆ ತಿಂಗಳಿಗೆರಡು ಸಲ ಹೋಗುತ್ತಿದ್ದೆವು, ಹೋದಾಗ ಹೆಡ್‌ಫೋನ್ ಕಣ್ಣಿಗೆ ಬೀಳುತ್ತಿತ್ತು.

ಅಂದರೆ ತೋರಿಸುವ, ವಿವರಿಸುವ, ಮುಟ್ಟಿ ನೋಡಲು ಬಿಡುವ ಕೆಲಸದ ಖರ್ಚನ್ನು ಕೇಬಲ್ಲು, ವಾರಂಟಿ, ಡಿಸ್ಕುಗಳು ಸದ್ದಿಲ್ಲದೆ ಹೊರುತ್ತಿದ್ದವು. ಮಾಹಿತಿ ಪುಕ್ಕಟೆ ಅಂತ ನಾವು ಅಂದುಕೊಂಡಿದ್ದೆವು. ಅದರ ಬೆಲೆಯನ್ನು ಕೇಬಲ್ಲಿನ ಬಿಲ್ಲಿನಲ್ಲಿ ಕಟ್ಟುತ್ತಿದ್ದೆವು.

ಈ ಏರ್ಪಾಟು ಮುರಿದು ಬಿದ್ದದ್ದು ಬರೀ ಆನ್‌ಲೈನ್ ಅಂಗಡಿಗಳಿಂದಲ್ಲ. 2007ರಲ್ಲಿ ಐಫೋನ್ ಬಂತು. ಅದೇ ವರ್ಷ ನೆಟ್‌ಫ್ಲಿಕ್ಸ್ ಇಂಟರ್ನೆಟ್ಟಿನಲ್ಲೇ ಸಿನಿಮಾ ತೋರಿಸಲು ಶುರು ಮಾಡಿತು. ಫೋನು ಮಳಿಗೆಯ ಅರ್ಧ ಸಾಮಾನನ್ನು ನುಂಗಿತು, ನೆಟ್‌ಫ್ಲಿಕ್ಸ್ ಡಿಸ್ಕುಗಳ ಸಾಲನ್ನು ಖಾಲಿ ಮಾಡಿತು.

ನುಂಗಿದ್ದು ಎಷ್ಟು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ರೇಡಿಯೊ ಶ್ಯಾಕಿನ ಪೂರ್ತಿ ಪುಟದ ಜಾಹೀರಾತು ಬಂದಿತ್ತು. ಕಂಪ್ಯೂಟರ್, ವಿಡಿಯೊ ಕ್ಯಾಮೆರಾ, ಟೇಪ್ ರೆಕಾರ್ಡರ್, ಕ್ಯಾಲ್ಕುಲೇಟರ್, ಗಡಿಯಾರ ಇರುವ ರೇಡಿಯೊ, ಕರೆ ಬಂದಾಗ ಸಂದೇಶ ಹಿಡಿದಿಡುವ ಯಂತ್ರ, ಇಟ್ಟಿಗೆಯಂಥ ಮೊಬೈಲ್ ಫೋನ್. ಎರಡು ದಶಕ ಕಳೆದ ಮೇಲೆ ಯಾರೋ ಅದನ್ನು ಹುಡುಕಿ ತೆಗೆದು ಎಣಿಸಿದರು. ಪುಟದಲ್ಲಿದ್ದ 15 ಸಾಮಾನುಗಳಲ್ಲಿ 13ರ ಕೆಲಸವನ್ನು ಜೇಬಿನಲ್ಲಿರುವ ಒಂದೇ ಫೋನು ಮಾಡುತ್ತಿತ್ತು. ಅಂಗಡಿಯ ಒಂದು ಪುಟದ ವ್ಯಾಪಾರ ಒಂದು ಅಂಗೈಗೆ ಇಳಿದಿತ್ತು.

ಕ್ಯಾಮೆರಾದ ಲೆಕ್ಕ ಇನ್ನೂ ಕಟು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಪ್ರಕಾರ 2010ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2021ರ ಹೊತ್ತಿಗೆ ಅದು 84 ಲಕ್ಷದ ಆಸುಪಾಸಿಗೆ ಬಂದಿತ್ತು. ಕ್ಯಾಮೆರಾ ಹೋದರೆ ಕ್ಯಾಮೆರಾ ಮಾತ್ರ ಹೋಗುವುದಿಲ್ಲ. ಚೀಲ, ಕಾರ್ಡು, ಹೆಚ್ಚಿನ ಬ್ಯಾಟರಿ, ಸ್ಟ್ಯಾಂಡು, ವಾರಂಟಿ ಎಲ್ಲವೂ ಅದರ ಬೆನ್ನಿಗೆ ಹೋಗುತ್ತವೆ. ಅಂಗಡಿಯವರಿಗೆ ಬಿದ್ದ ನಿಜವಾದ ಏಟು ಇದು. ಕೇಬಲ್ಲಂತೂ ಆನ್‌ಲೈನಿನಲ್ಲಿ ಕಾಲುಭಾಗದ ಬೆಲೆಗೆ ಸಿಗತೊಡಗಿತು. ಅಲ್ಲಿಗೆ, ಟಿವಿ ತೋರಿಸುವವನ ಸಂಬಳ ಹುಟ್ಟುತ್ತಿದ್ದ ಜಾಗವೇ ಬತ್ತಿಹೋಯಿತು.

ಆಗ ಮಳಿಗೆಗಳು ಏನು ಮಾಡಿದವು? ಇಲ್ಲಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸರ್ಕ್ಯೂಟ್ ಸಿಟಿಯ ಕಥೆ ನೋಡಿ. 1949ರಲ್ಲಿ ವರ್ಜೀನಿಯಾದ ರಿಚ್ಮಂಡಿನಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಅಂಗಡಿ ಅದು. ಸಾಮಾನಿನ ಬಗ್ಗೆ ಚೆನ್ನಾಗಿ ತಿಳಿದ, ಕಮಿಷನ್ ಮೇಲೆ ದುಡಿಯುವ ಮಾರಾಟಗಾರರೇ ಅದರ ಬಲ. 2003ರಲ್ಲಿ ಕಮಿಷನ್ ಪದ್ಧತಿ ತೆಗೆದು ಸಾವಿರಾರು ಜನರನ್ನು ಮನೆಗೆ ಕಳಿಸಿದರು. 2007ರ ಮಾರ್ಚಿನಲ್ಲಿ ಇನ್ನೂ ಸುಮಾರು 3,400 ಜನರನ್ನು ತೆಗೆದರು. ಕಾರಣ ಕೆಲಸ ಸರಿಯಿಲ್ಲ ಅಂತಲ್ಲ, ಸಂಬಳ ಜಾಸ್ತಿ ಅಂತ. ಅವರ ಜಾಗಕ್ಕೆ ಕಡಿಮೆ ಸಂಬಳದ ಹೊಸಬರು ಬಂದರು. ಹಳಬರಿಗೆ ಬೇಕಿದ್ದರೆ ಹತ್ತು ವಾರ ಬಿಟ್ಟು ಬಂದು ಹೊಸ ಸಂಬಳಕ್ಕೆ ಅರ್ಜಿ ಹಾಕಬಹುದು ಅಂದರು.

ಹತ್ತು ವರ್ಷ ಸ್ಪೀಕರ್ ಮಾರಿದವರಿಗೆ ಯಾವ ಗಾತ್ರದ ಕೋಣೆಗೆ ಯಾವುದು ಹೊಂದುತ್ತದೆ, ಯಾವ ಮಾಡೆಲ್ ಎರಡನೇ ವರ್ಷಕ್ಕೆ ವಾಪಸು ಬರುತ್ತದೆ ಅನ್ನುವುದು ಬಾಯಿಪಾಠ. ಹೊಸದಾಗಿ ಬಂದವರು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ ಹೇಳುತ್ತಾರೆ. ಪೆಟ್ಟಿಗೆಯ ಮೇಲಿನದನ್ನು ನಾನು ಮನೆಯಲ್ಲೇ ಓದಬಹುದಲ್ವಾ? ಅದಕ್ಕೆ ಅಂಗಡಿವರೆಗೆ ಯಾಕೆ ಹೋಗಲಿ? ಆನ್‌ಲೈನಿನಲ್ಲಿ ಸಿಗದೇ ಇದ್ದ ಒಂದೇ ಒಂದು ಸರಕು ಆ ಹಳಬರ ತಿಳಿವಳಿಕೆಯಾಗಿತ್ತು. ಅದನ್ನೇ ಖರ್ಚು ಅಂತ ಎಣಿಸಿ ಹೊರಗೆ ಹಾಕಿದರು. 2008ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಮಾರ್ಚ್ 8ರಂದು ಕೊನೆಯ ಮಳಿಗೆಗಳ ಬಾಗಿಲು ಮುಚ್ಚಿತು. 567 ಮಳಿಗೆಗಳು, ಸುಮಾರು 34,000 ಜನರ ಕೆಲಸ.

ಸಂಬಳವೊಂದೇ ಅದನ್ನು ಮುಳುಗಿಸಿತು ಅಂತ ನಾನು ಹೇಳುವುದಿಲ್ಲ. 2000ದಲ್ಲೇ ಫ್ರಿಜ್, ವಾಷಿಂಗ್ ಮಷೀನ್ ಮಾರುವುದನ್ನು ನಿಲ್ಲಿಸಿ ಒಳ್ಳೆಯ ವ್ಯಾಪಾರವೊಂದನ್ನು ಕೈಬಿಟ್ಟಿದ್ದರು. ಮಳಿಗೆಗಳು ಜನ ಓಡಾಡುವ ಜಾಗದಲ್ಲಿರಲಿಲ್ಲ, ಬಾಡಿಗೆ ಕರಾರುಗಳು ದೀರ್ಘಾವಧಿಯವು, ಬಿಟ್ಟು ಬರಲು ಆಗುತ್ತಿರಲಿಲ್ಲ. 2008ರ ಆರ್ಥಿಕ ಕುಸಿತವೂ ಸೇರಿಕೊಂಡಿತು. ಆದರೂ ಗಟ್ಟಿ ನೆಲವಿದ್ದ ಒಂದೇ ಕಡೆ ತಾವೇ ಅಗೆದುಕೊಂಡದ್ದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ಮಳಿಗೆ ನಿಧಾನಕ್ಕೆ ಸೊರಗುತ್ತದೆ, ಬೀಳುವುದು ಮಾತ್ರ ದಿಢೀರನೆ. ಅದು ಯಾಕೆ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಅಂಗಡಿಯಲ್ಲಿರುವ ಮಾಲಿಗೆಲ್ಲ ಅಂಗಡಿಯವರು ಮೊದಲೇ ದುಡ್ಡು ಕಟ್ಟಿರುವುದಿಲ್ಲ. ಕಂಪನಿಗಳು ಉದ್ರಿ ಕೊಟ್ಟಿರುತ್ತವೆ. ಮಾರಿ ಆದ ಮೇಲೆ ಕೊಡಿ ಅನ್ನುವ ಲೆಕ್ಕ. ಅಂಗಡಿ ಮುಳುಗಿದರೆ ಕಂಪನಿಗೆ ನಷ್ಟ ಆಗಬಾರದು ಅಂತ ಆ ಉದ್ರಿಗೆ ಒಂದು ವಿಮೆಯೂ ಇರುತ್ತದೆ. ಮಳಿಗೆ ಕುಂಟುತ್ತಿದೆ ಅಂತ ಸುದ್ದಿ ಹಬ್ಬಿದ ಕೂಡಲೆ ವಿಮೆಯವರು ಹಿಂದೆ ಸರಿಯುತ್ತಾರೆ. ವಿಮೆ ಇಲ್ಲದಿದ್ದರೆ ಕಂಪನಿಯವರು ಉದ್ರಿ ಕೊಡುವುದಿಲ್ಲ, ಮುಂಗಡ ಕಟ್ಟಿ ಅನ್ನುತ್ತಾರೆ. ಕುಂಟುತ್ತಿರುವವರ ಕೈಯಲ್ಲಿ ಮುಂಗಡಕ್ಕೆ ದುಡ್ಡೆಲ್ಲಿ? ಮಾಲು ಬರುವುದಿಲ್ಲ, ಶೆಲ್ಫು ಖಾಲಿ. ಖಾಲಿ ಶೆಲ್ಫು ನೋಡಿದ ಗಿರಾಕಿ ಮತ್ತೆ ಬರುವುದಿಲ್ಲ.

ಕಾಮೆಟ್‌ಗೆ ಆದದ್ದು ಇದೇ. ಆ ಕಂಪನಿಯನ್ನು 2012ರ ಶುರುವಿನಲ್ಲಿ ಬರೀ 2 ಪೌಂಡಿಗೆ ಮಾರಿದ್ದರು. ಕೊಂಡವರಿಗೆ ಮಾರಿದವರೇ ಮೇಲೆ 5 ಕೋಟಿ ಪೌಂಡ್ ಕೊಟ್ಟಿದ್ದರು, ಅಷ್ಟು ಹೊರೆಯಾಗಿತ್ತು ಅದು. ಅದೇ ವರ್ಷದ ಡಿಸೆಂಬರಿಗೆ ಎಲ್ಲ ಮಳಿಗೆಗಳೂ ಮುಚ್ಚಿದವು. ಮ್ಯಾಪ್ಲಿನ್ ಬಿದ್ದಾಗಲೂ ಅದರ ಮುಖ್ಯಸ್ಥರು ಹೇಳಿದ ಕಾರಣಗಳಲ್ಲಿ ಉದ್ರಿಯ ವಿಮೆ ಹಿಂತೆಗೆದದ್ದೂ ಒಂದು.

ಫ್ರೈಸ್ ಮಳಿಗೆಗಳ ಕೊನೆಯ ದಿನಗಳ ಚಿತ್ರಗಳನ್ನು ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಒಂದು ಕಾಲಕ್ಕೆ ಆ ಮಳಿಗೆಗಳೇ ನೋಡುವಂಥವು. ಬರ್ಬ್ಯಾಂಕಿನದರ ಬಾಗಿಲಿಗೆ ಹಾರುವ ತಟ್ಟೆಯೊಂದು ಬಂದು ಗುದ್ದಿದ ಹಾಗೆ ಮಾಡಿದ್ದರು. ಒಳಗೆ ಬಿಡಿ ಟ್ರಾನ್ಸಿಸ್ಟರಿನಿಂದ ಹಿಡಿದು ವಾಷಿಂಗ್ ಮಷೀನಿನವರೆಗೆ ಎಲ್ಲ ಇರುತ್ತಿತ್ತು. 2019ರ ಹೊತ್ತಿಗೆ ಮಾಲು ಬರುವುದು ನಿಲ್ಲುತ್ತಾ ಬಂತು. ಮೈದಾನದಂಥ ಹಾಲ್, ಉದ್ದಕ್ಕೂ ಬರಿದಾದ ಶೆಲ್ಫುಗಳು, ಖಾಲಿ ಕಾಣಬಾರದು ಅಂತ ಒಂದೇ ಸಾಮಾನನ್ನು ದೂರ ದೂರಕ್ಕೆ ಜೋಡಿಸಿಟ್ಟ ಸಾಲುಗಳು. ದುಡ್ಡು ಕೊಟ್ಟು ಮಾಲು ತರುವ ಬದಲು, ಕಂಪನಿಗಳು ತಮ್ಮ ಮಾಲನ್ನು ಇಲ್ಲಿ ಇಟ್ಟು ಹೋಗಲಿ, ಮಾರಿದ ಮೇಲೆ ಕೊಡುತ್ತೇವೆ ಅಂತ ಫ್ರೈಸ್ ಕೇಳಿತು. ಇಟ್ಟು ಹೋಗಲು ಹೆಚ್ಚಿನವರು ಒಪ್ಪಲಿಲ್ಲ.

ಆನ್‌ಲೈನ್ ಅಂಗಡಿಗಳಿಗೆ ಇದ್ದ ಅನುಕೂಲ ಎಲ್ಲವೂ ಅವರ ಜಾಣತನದಿಂದ ಬಂದದ್ದಲ್ಲ, ಇದನ್ನೂ ಹೇಳಲೇಬೇಕು. ಅಮೆರಿಕದಲ್ಲಿ 1992ರ ಸುಪ್ರೀಂ ಕೋರ್ಟ್ ತೀರ್ಪೊಂದಿತ್ತು. ಒಂದು ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ಮಾರಾಟಗಾರ ಆ ರಾಜ್ಯದ ಮಾರಾಟ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡಬೇಕಿರಲಿಲ್ಲ. ಆಗ ಇದ್ದದ್ದು ಅಂಚೆಯಲ್ಲಿ ಮಾಲು ಕಳಿಸುವ ಕಂಪನಿಗಳು, ಅವುಗಳಿಗಾಗಿ ಬಂದ ತೀರ್ಪು ಅದು. ಆಮೇಲೆ ಅದರ ಲಾಭ ಆನ್‌ಲೈನಿನವರಿಗೆ ಸಿಕ್ಕಿತು. ಬೀದಿಯ ಅಂಗಡಿ ಬಿಲ್ಲಿನಲ್ಲಿ ತೆರಿಗೆ ಸೇರಿಸಬೇಕು, ಆನ್‌ಲೈನಿನವರು ಬಹಳ ಕಡೆ ಸೇರಿಸುತ್ತಿರಲಿಲ್ಲ. ಟಿವಿಯಂಥ ದುಬಾರಿ ಸಾಮಾನಿಗೆ ಅದೇ ಒಂದು ರಿಯಾಯಿತಿ. ಇದು ಪೂರ್ತಿ ತಿರುವು ಪಡೆದದ್ದು 2018ರ ಜೂನಿನಲ್ಲಿ, ಹೊಸ ತೀರ್ಪು ಬಂದ ಮೇಲೆ. ಕಾಲು ಶತಮಾನ ಒಂದೇ ಓಟದಲ್ಲಿ ಒಬ್ಬರ ಬೆನ್ನಿಗೆ ಮಾತ್ರ ಮೂಟೆ ಇತ್ತು. ಇದು ನ್ಯಾಯವಾಗಿರಲಿಲ್ಲ.

2011ರ ಡಿಸೆಂಬರಿನಲ್ಲಿ ಅಮೆಜಾನ್ ಮಾಡಿದ್ದಂತೂ ನೇರ ಸವಾಲು. ಅಂಗಡಿಗೆ ಹೋಗಿ, ಅಲ್ಲಿಟ್ಟಿರುವ ಸಾಮಾನಿನ ಬಾರ್‌ಕೋಡನ್ನು ನಮ್ಮ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಅದನ್ನೇ ನಮ್ಮಲ್ಲಿ ಕೊಂಡರೆ ಬೆಲೆಯಲ್ಲಿ ಶೇ 5ರಷ್ಟು, ಹೆಚ್ಚೆಂದರೆ 5 ಡಾಲರ್, ಬಿಡುತ್ತೇವೆ ಅಂತ ಒಂದು ದಿನದ ಕೊಡುಗೆ ಇಟ್ಟಿತು. ಬಾಡಿಗೆ, ಕರೆಂಟು, ಸಂಬಳ ಅಂಗಡಿಯದು, ಗಿರಾಕಿ ಇವರದು.

ಚೀನಾದಲ್ಲಿ ಈ ಜಗಳ ಇನ್ನೂ ಬಹಿರಂಗವಾಗಿ ನಡೆಯಿತು. ಲಿಯು ಚಿಯಾಂಗ್‌ಡಾಂಗ್ 1998ರಲ್ಲಿ ಬೀಜಿಂಗಿನ ಎಲೆಕ್ಟ್ರಾನಿಕ್ಸ್ ಪೇಟೆ ಝೊಂಗ್‌ಗ್ವಾನ್‌ಸುನ್‌ನಲ್ಲಿ ಸಣ್ಣ ಅಂಗಡಿ ಇಟ್ಟವರು. 2003ರಲ್ಲಿ ಸಾರ್ಸ್ ಹಬ್ಬಿ ಜನ ಹೊರಗೆ ಬರದಂತಾದಾಗ ಇಂಟರ್ನೆಟ್ಟಿನಲ್ಲಿ ಮಾರಲು ಶುರು ಮಾಡಿದರು. ಅದೇ ಮುಂದೆ ಜೆಡಿ ಆಯಿತು. 2012ರ ಆಗಸ್ಟಿನಲ್ಲಿ ಅವರು, ದೊಡ್ಡ ಗೃಹೋಪಯೋಗಿ ಸಾಮಾನುಗಳ ಮೇಲೆ ಮೂರು ವರ್ಷ ಲಾಭವನ್ನೇ ಇಟ್ಟುಕೊಳ್ಳುವುದಿಲ್ಲ, ಗೋಮೆ ಮತ್ತು ಸುನಿಂಗ್ ಮಳಿಗೆಗಳಿಗಿಂತ ಕಡಿಮೆಗೆ ಕೊಡುತ್ತೇವೆ ಎಂದು ಸಾಮಾಜಿಕ ಜಾಲತಾಣದಲ್ಲೇ ಘೋಷಿಸಿದರು. ಮರುವರ್ಷ ಸುನಿಂಗ್ ತನ್ನ ಮಳಿಗೆಯಲ್ಲೂ ವೆಬ್‌ಸೈಟಿನಲ್ಲೂ ಒಂದೇ ಬೆಲೆ ಇಟ್ಟಿತು. ಆದರೂ 2021ರ ಹೊತ್ತಿಗೆ ಸಾಲದಲ್ಲಿ ಸಿಕ್ಕಿಕೊಂಡು, ಸರ್ಕಾರಿ ಬೆಂಬಲದ ಹೂಡಿಕೆದಾರರು ಬಂದು ಕೈಹಿಡಿಯಬೇಕಾಯಿತು.

ಹಾಗಾದರೆ ಉಳಿದವರು ಹೇಗೆ ಉಳಿದರು?

ಅಮೆರಿಕದ ಎಲೆಕ್ಟ್ರಾನಿಕ್ಸ್ ಮಳಿಗೆ ಬೆಸ್ಟ್ ಬೈ 2012ರಲ್ಲಿ ಎಲ್ಲರ ಬಾಯಲ್ಲೂ ಮುಂದಿನ ಹೆಣವಾಗಿತ್ತು. ಮುಖ್ಯಸ್ಥರಾಗಿ ಬಂದ ಹ್ಯೂಬರ್ಟ್ ಜೋಲಿಗೆ ಅಂಗಡಿ ನಡೆಸಿದ ಅನುಭವವೇ ಇರಲಿಲ್ಲ. ಮೊದಲ ದಿನಗಳನ್ನು ಅವರು ಕಚೇರಿಯಲ್ಲಿ ಕಳೆಯಲಿಲ್ಲ. ಮಿನ್ನೆಸೋಟಾದ ಸೇಂಟ್ ಕ್ಲೌಡ್ ಊರಿನ ಮಳಿಗೆಯಲ್ಲಿ ನೀಲಿ ಅಂಗಿ ತೊಟ್ಟು, 'ತರಬೇತಿಯಲ್ಲಿರುವ ಸಿಇಒ' ಅನ್ನುವ ಬಿಲ್ಲೆ ಹಾಕಿಕೊಂಡು ನಿಂತರು. ಕೆಲಸಗಾರರ ಖರೀದಿ ರಿಯಾಯಿತಿಗೆ ಹಿಂದೆ ಕತ್ತರಿ ಬಿದ್ದಿತ್ತು. ಅದನ್ನು ಮತ್ತೆ ಕೊಟ್ಟರು.

ಆನ್‌ಲೈನಿನ ಬೆಲೆಯನ್ನೇ ಮಳಿಗೆಯಲ್ಲೂ ಕೊಡಲು ಒಪ್ಪಿದರು. ನೋಡಿ ಹೋಗಲು ಬಂದವರು ಕೊಂಡೇ ಹೋಗುವಂತಾಯಿತು. ಮಳಿಗೆಗಳನ್ನೇ ಗೋದಾಮು ಮಾಡಿ ಅಲ್ಲಿಂದಲೇ ಆನ್‌ಲೈನ್ ಆರ್ಡರುಗಳನ್ನು ಕಳಿಸಿದರು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ನನ್ನ ಪ್ರಕಾರ ನಿಜವಾದ ತಿರುವು ಬೇರೆ. 2013ರಿಂದ ಸ್ಯಾಮ್‌ಸಂಗ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳಿಗೆ ಮಳಿಗೆಯೊಳಗೇ ತಮ್ಮದೇ ಜಾಗ ಕೊಟ್ಟರು. ಆ ಜಾಗವನ್ನು ಸಜ್ಜುಗೊಳಿಸುವ ಖರ್ಚಿನಲ್ಲಿ ಕಂಪನಿಗಳೂ ಕೈಜೋಡಿಸಿದವು. ತೋರಿಸುವ ಕೆಲಸದಿಂದ ಅತಿ ಹೆಚ್ಚು ಲಾಭ ಆಗುವುದು ಯಾರಿಗೆ? ಸಾಮಾನು ತಯಾರಿಸಿದವರಿಗೆ. ಅದನ್ನು ಗಿರಾಕಿ ಮಳಿಗೆಯಲ್ಲಿ ಕೊಳ್ಳಲಿ, ಆನ್‌ಲೈನಿನಲ್ಲಿ ಕೊಳ್ಳಲಿ, ಹೋಗುವುದು ಅವರ ಟಿವಿಯೇ. ಹಾಗಿದ್ದ ಮೇಲೆ ತೋರಿಸುವ ಖರ್ಚಿನಲ್ಲಿ ಅವರದ್ದೂ ಪಾಲಿರಬೇಕು. ಎಷ್ಟೋ ವರ್ಷ ಕೇಬಲ್ಲು ಹೊತ್ತಿದ್ದ ಹೊರೆ ಕೊನೆಗೂ ಸರಿಯಾದ ಹೆಗಲಿಗೆ ಬಂತು. 2018ರಲ್ಲಿ ಅಮೆಜಾನ್ ಕೂಡ ತನ್ನ ತಂತ್ರಾಂಶ ಇರುವ ಟಿವಿಗಳನ್ನು ಮಾರಲು ಬೆಸ್ಟ್ ಬೈ ಜೊತೆ ಒಪ್ಪಂದ ಮಾಡಿಕೊಂಡಿತು.

ಇದರಿಂದ ಎಲ್ಲ ಸರಿಹೋಯಿತು ಅಂತ ತಿಳಿಯಬಾರದು. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಲ್ಯಾಪ್‌ಟಾಪ್, ಟಿವಿ ಕೊಂಡರು. ಬೆಸ್ಟ್ ಬೈನ ವರ್ಷದ ವಹಿವಾಟು 5,100 ಕೋಟಿ ಡಾಲರ್ ದಾಟಿತು. ಮೂರೇ ವರ್ಷದಲ್ಲಿ ಅದು 4,200 ಕೋಟಿಗಿಂತ ಕೆಳಗೆ ಬಂತು. 2018ರಲ್ಲಿ ಸಿಡಿ ನಿಲ್ಲಿಸಿದ್ದ ಕಂಪನಿ 2024ರಲ್ಲಿ ಸಿನಿಮಾ ಡಿಸ್ಕುಗಳನ್ನೂ ಪೂರ್ತಿ ತೆಗೆಯಿತು. ಫೋನು, ಲ್ಯಾಪ್‌ಟಾಪುಗಳು ಮೊದಲಿಗಿಂತ ಜಾಸ್ತಿ ವರ್ಷ ಬಾಳುತ್ತವೆ, ಹೊಸ ಮಾಡೆಲ್ಲಿಗೂ ಹಳೆಯದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇದಕ್ಕೆ ಆನ್‌ಲೈನನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ಬೆಳವಣಿಗೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಂಗಡಿ ಮುಚ್ಚಿ ಆನ್‌ಲೈನಿಗೆ ಹೋದ ಅದೇ ಜೆಡಿ 2021ರಲ್ಲಿ ಶಿಆನ್ ನಗರದಲ್ಲಿ ತನ್ನದೇ ದೊಡ್ಡ ಮಳಿಗೆ ತೆರೆಯಿತು. ಮೀಡಿಯಾಮಾರ್ಕ್ಟ್ ಮತ್ತು ಸ್ಯಾಟರ್ನ್ ಮಳಿಗೆಗಳನ್ನು ನಡೆಸುವ ಜರ್ಮನಿಯ ಕಂಪನಿಯನ್ನು ಕೊಳ್ಳುವುದಾಗಿ 2025ರ ಜುಲೈನಲ್ಲಿ ಘೋಷಿಸಿತು. ಮಳಿಗೆಗೆ ಬೆಲೆಯೇ ಇಲ್ಲ ಅನ್ನುವುದಾದರೆ ಆನ್‌ಲೈನಿನಲ್ಲಿ ಗೆದ್ದವರು ಅದಕ್ಕೆ ಯಾಕೆ ದುಡ್ಡು ಹಾಕುತ್ತಾರೆ? ಅವರಿಗೂ ಗೊತ್ತಿದೆ, ಫ್ರಿಜ್ಜಿನ ಬಾಗಿಲು ತೆರೆದು ನೋಡಬೇಕು, ಹೆಡ್‌ಫೋನ್ ಕಿವಿಗೆ ಇಟ್ಟು ನೋಡಬೇಕು. ನಾನೊಮ್ಮೆ ಸಾವಿರಾರು ಜನ ಹೊಗಳಿದ್ದ ಹೆಡ್‌ಫೋನ್ ತರಿಸಿಕೊಂಡೆ. ಶಬ್ದ ಚೆನ್ನಾಗಿತ್ತು. ಇಪ್ಪತ್ತು ನಿಮಿಷಕ್ಕೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತಿ ನೋಯತೊಡಗಿತು. ಅಷ್ಟೂ ವಿಮರ್ಶೆಗಳಲ್ಲಿ ಕನ್ನಡಕದ ಮಾತು ಎಲ್ಲೂ ಇರಲಿಲ್ಲ. ಅಂಗಡಿಯಲ್ಲಿ ನಿಂತಿದ್ದರೆ ನನ್ನ ಮುಖ ನೋಡಿದ ಕೂಡಲೆ ಯಾರಾದರೂ ಹೇಳುತ್ತಿದ್ದರು.

ಮಳಿಗೆಗಳ ಇನ್ನೊಂದು ಕೆಲಸದ ಬಗ್ಗೆ ಮಾತು ಬರುವುದೇ ಕಡಿಮೆ. ಅದು ಹಳೆಯ ಸಾಮಾನು ವಾಪಸು ತೆಗೆದುಕೊಳ್ಳುವುದು. ಯುರೋಪಿನ ಒಕ್ಕೂಟದ 2012ರ ನಿಯಮದಂತೆ, ಎಲೆಕ್ಟ್ರಾನಿಕ್ಸ್ ಮಾರುವ ಜಾಗ 400 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆ ಮಳಿಗೆ 25 ಸೆಂಟಿಮೀಟರಿಗಿಂತ ಉದ್ದವಿಲ್ಲದ ಹಳೆಯ ಸಾಮಾನುಗಳನ್ನು ಪುಕ್ಕಟೆಯಾಗಿ ತೆಗೆದುಕೊಳ್ಳಬೇಕು. ನೀವು ಹೊಸದೇನನ್ನೂ ಕೊಳ್ಳಬೇಕಿಲ್ಲ. ಸತ್ತ ಫೋನು, ತುಂಡಾದ ಚಾರ್ಜರು, ಕೆಟ್ಟ ರಿಮೋಟು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಬಾಗಿಲ ಬಳಿಯ ಡಬ್ಬಿಗೆ ಹಾಕಿ ಬಂದರಾಯಿತು.

ಆನ್‌ಲೈನಿನವರ ಮೇಲೂ ಹಳೆಯದನ್ನು ತೆಗೆದುಕೊಳ್ಳುವ ಹೊಣೆ ಇದೆ. ಆದರೆ ಹಳೆಯ ಚಾರ್ಜರನ್ನು ಪೆಟ್ಟಿಗೆ ಕಟ್ಟಿ, ವಿಳಾಸ ಅಂಟಿಸಿ ಕಳಿಸುವವರು ಎಷ್ಟು ಜನ? ದೊಡ್ಡ ಮಳಿಗೆ ಮುಚ್ಚಿದ ಊರಿನಲ್ಲಿ ಆ ಡಬ್ಬಿಯೂ ಹೋಗಿರುತ್ತದೆ. ಹೊಸ ಚಾರ್ಜರು ಮಾರನೇ ದಿನವೇ ಬಾಗಿಲಿಗೆ ಬರುತ್ತದೆ, ಹಳೆಯದು ಮೇಜಿನ ಡ್ರಾಯರಿನಲ್ಲಿ ಇನ್ನೆರಡರ ಜೊತೆ ಸುತ್ತಿಕೊಂಡು ಬಿದ್ದಿರುತ್ತದೆ.